ನಿವೃತ್ತಿಯ ಬಳಿಕ ಕಾರವಾರದ ಕಡೆಗೆ ಬರುವ ಕ್ರೈಸ್ತ ದಂಪತಿಗಳಿಗೆ: ನೆಲೆ ನಿಲ್ಲುವ ಬಗೆ

ಮುಂಬೈ, ಪುಣೆ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ನಿವೃತ್ತರಾದ ದಂಪತಿಗಳು ಉತ್ತರ ಕನ್ನಡದ ಕರಾವಳಿಯಲ್ಲಿ ನೆಲೆಸಬೇಕೆಂದು ಬಯಸಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಚರ್ಚಿಗೆ ಸೇರಿಕೊಳ್ಳುವುದು ಹೇಗೆ, ಪಿಂಚಣಿಯನ್ನು ಇಲ್ಲಿಗೆ ತರಿಸಿಕೊಳ್ಳುವುದು ಹೇಗೆ, ಸಮುದ್ರದ ಹತ್ತಿರ ಜಾಗ ಕೊಳ್ಳಬಹುದೇ, ಮುಂದೆ ಇಬ್ಬರಲ್ಲಿ ಒಬ್ಬರೇ ಉಳಿದಾಗ ಏನು ಗತಿ ಎಂಬವು ಅವುಗಳಲ್ಲಿ ಮುಖ್ಯವಾದವು. ಬಹಳ ಮಂದಿ ಮೊದಲು ಮನೆ ಕೊಂಡು, ಆಮೇಲೆ ಊರನ್ನು ಪರಿಚಯ ಮಾಡಿಕೊಂಡು, ಕಾಯಿಲೆ ಬಿದ್ದಾಗಲೋ ಸಾವು ಸಂಭವಿಸಿದಾಗಲೋ ಚರ್ಚಿನ ಕಚೇರಿಯ ಬಾಗಿಲು ತಟ್ಟುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಚರ್ಚಿಗೆ ಹೆಸರು ಕೊಡುವುದು ಮೊದಲ ವಾರದ ಕೆಲಸ. ಮನೆ ಕೊಳ್ಳುವುದು ಒಂದು ಮಳೆಗಾಲ ಕಳೆದ ನಂತರದ ಕೆಲಸ. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಜೋಡಿಸಿದ್ದೇನೆ.

1. ಹಳೆಯ ಊರು ಬಿಡುವ ಮುನ್ನ ಸಂಗ್ರಹಿಸಬೇಕಾದ ಕಾಗದಪತ್ರ

ಕಥೋಲಿಕರಾಗಿದ್ದರೆ ಇಬ್ಬರ ಜ್ಞಾನಸ್ನಾನದ ಪ್ರಮಾಣಪತ್ರ, ಚರ್ಚಿನ ವಿವಾಹ ಪ್ರಮಾಣಪತ್ರ, ಮತ್ತು ಈಗಿರುವ ಧರ್ಮಕೇಂದ್ರದ ಗುರುಗಳಿಂದ ಒಂದು ಪರಿಚಯ ಪತ್ರ, ಈ ಮೂರನ್ನು ತಪ್ಪದೆ ಪಡೆದುಕೊಳ್ಳಿ. ಧರ್ಮಕೇಂದ್ರವೆಂದರೆ ಒಬ್ಬ ಗುರುಗಳ ಪಾಲನೆಗೆ ಒಳಪಟ್ಟ ಚರ್ಚು ಮತ್ತು ಅದರ ವ್ಯಾಪ್ತಿಯ ಕುಟುಂಬಗಳು. ಜ್ಞಾನಸ್ನಾನದ ಪತ್ರವನ್ನು ಕೊಡುವುದು ನೀವು ಇಷ್ಟು ವರ್ಷ ಪೂಜೆಗೆ ಹೋಗುತ್ತಿದ್ದ ಚರ್ಚಲ್ಲ, ಮಗುವಾಗಿದ್ದಾಗ ಜ್ಞಾನಸ್ನಾನ ಪಡೆದ ಚರ್ಚು ಎಂಬುದು ನೆನಪಿರಲಿ. ಆ ಊರು ದೂರವಿದ್ದರೆ ಪತ್ರ ಬರೆದು ತರಿಸಿಕೊಳ್ಳಲು ಒಂದೆರಡು ತಿಂಗಳಾದರೂ ಕೈಯಲ್ಲಿರಬೇಕು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಥವಾ ಇತರ ಪ್ರೊಟೆಸ್ಟಂಟ್ ಸಭೆಗಳವರು ಸಭಾಪಾಲಕರಿಂದ ಸದಸ್ಯತ್ವ ವರ್ಗಾವಣೆ ಪತ್ರವನ್ನು ಪಡೆಯಬೇಕು. ಸಭೆಯ ವಂತಿಗೆ ಬಾಕಿಯಿದ್ದರೆ ಅದನ್ನು ತೀರಿಸಿಯೇ ಹೊರಡುವುದು ಒಳ್ಳೆಯದು.

ಇಲ್ಲಿ ಎಡವುವವರು ಬಹಳ ಮಂದಿ. ಚರ್ಚಿನ ದಾಖಲೆಯಲ್ಲಿ ‘ಇನಾಸ’ ಎಂದಿರುವ ಹೆಸರು ಆಧಾರ್‌ನಲ್ಲಿ ‘ಇಗ್ನೇಷಿಯಸ್’ ಎಂದಿರುತ್ತದೆ. ಪಿಂಚಣಿ ಆದೇಶದಲ್ಲಿ ಹೆಂಡತಿಯ ತವರಿನ ಮನೆತನದ ಹೆಸರು ಉಳಿದುಕೊಂಡಿರುತ್ತದೆ. ಇವೆರಡೂ ಒಬ್ಬರೇ ಎಂದು ಸಾಬೀತುಪಡಿಸಬೇಕಾಗುವುದು ಗಂಡ ತೀರಿಹೋದ ಮೇಲೆ, ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ. ಆದ್ದರಿಂದ ಎಲ್ಲ ದಾಖಲೆಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಹೆಸರು, ಜನ್ಮದಿನಾಂಕಗಳನ್ನು ಇಬ್ಬರೂ ಕುಳಿತು ಹೋಲಿಸಿ ನೋಡಿ, ತಿದ್ದಬೇಕಾದ್ದನ್ನು ಹಳೆಯ ಊರಿನಲ್ಲೇ ತಿದ್ದಿಸಿ.

ಗ್ಯಾಸ್ ಸಂಪರ್ಕವನ್ನು ಏಜೆನ್ಸಿಯಲ್ಲಿ ವರ್ಗಾಯಿಸಿಕೊಂಡು ವೋಚರ್ ಪಡೆಯುವುದು, ವಿಮೆಯ ಪಾಲಿಸಿಯ ವಿಳಾಸ ಬದಲಿಸುವುದು, ಹಳೆಯ ವೈದ್ಯರಿಂದ ಎರಡೂ ಜನರ ಕಾಯಿಲೆಯ ಸಾರಾಂಶ ಬರೆಸಿಕೊಳ್ಳುವುದು ಅರ್ಧ ದಿನದ ಕೆಲಸ.

2. ಮೊದಲು ಬಾಡಿಗೆಗೆ, ಅದೂ ಮಳೆಗಾಲ ಸೇರುವಂತೆ

ಡಿಸೆಂಬರಿನಲ್ಲಿ ಕಾರವಾರವನ್ನು ನೋಡಿ ಮರುಳಾಗದವರಿಲ್ಲ. ನಾವೂ ಡಿಸೆಂಬರಿನಲ್ಲೇ ಬಂದು ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದೆವು. ಜುಲೈ ಎರಡನೆಯ ವಾರ ಕಬ್ಬಿಣದ ಕಪಾಟು ತೆರೆದಾಗ ನಮ್ಮ ವಿವಾಹ ಪ್ರಮಾಣಪತ್ರದ ಮೇಲೆ ಬೂದುಹಸಿರು ಬಣ್ಣದ ಬೂಷ್ಟು ಅಂಗೈಯಗಲ ಹರಡಿತ್ತು. ಕಪಾಟಿನ ಹಿಂದಿನ ಗೋಡೆಯನ್ನು ಮುಟ್ಟಿದರೆ ಬೆರಳು ಒದ್ದೆಯಾಗುತ್ತಿತ್ತು. ಆ ಮನೆಯನ್ನು ಕೊಂಡಿರಲಿಲ್ಲವಲ್ಲ ಎಂದು ನನ್ನ ಹೆಂಡತಿ ಅಂದು ದೇವರಿಗೆ ವಂದಿಸಿದಳು. ಕಾಗದಪತ್ರಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಬೇಕೆಂಬುದನ್ನು ಕಲಿತದ್ದು ಆಗ.

ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವುದು ರೂಢಿ, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಾನೂನಿನ ಪ್ರಕಾರ ನೋಂದಾಯಿಸಬೇಕಾಗುತ್ತದೆ. ಸಾಧ್ಯವಾದರೆ ಏಪ್ರಿಲಿನಲ್ಲಿ ಮನೆಗೆ ಬನ್ನಿ. ಏಪ್ರಿಲ್–ಮೇ ತಿಂಗಳಲ್ಲಿ ಬಾವಿಯ ನೀರು ಉಪ್ಪಾಗುತ್ತದೆಯೇ ಎಂಬುದು ತಿಳಿಯುತ್ತದೆ. ಸಮುದ್ರಕ್ಕೂ ಕಾಳಿ ನದಿಯ ಅಳಿವೆಗೂ ಹತ್ತಿರವಿರುವ ಬಾವಿಗಳಲ್ಲಿ ಇದು ಹೊಸತಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮನೆಯ ಮಾಡು, ಗೋಡೆ, ಅಂಗಳದ ನೀರು ಹರಿದುಹೋಗುವ ದಾರಿ, ವಿದ್ಯುತ್ತು ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ವಿದ್ಯುತ್ ದೂರಿಗೆ ಹೆಸ್ಕಾಂನ 1912 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.

ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ‘ಕಳೆದ ಮಳೆಗಾಲದಲ್ಲಿ ಈ ಅಂಗಳಕ್ಕೆ ನೀರು ಬಂದಿತ್ತೇ?’ ಎಂದು ಕೇಳುವುದು ಲೇಸು. ಹಿಂಬದಿಯಲ್ಲಿ ಗುಡ್ಡ ಕೊರೆದು ಸಮ ಮಾಡಿದ ಜಾಗದಲ್ಲಿ ಮನೆಯಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದವು.

3. ಮೊದಲ ಭಾನುವಾರವೇ ಚರ್ಚಿಗೆ ಹೆಸರು

ಕಥೋಲಿಕ ಕಾರವಾರ ಧರ್ಮಪ್ರಾಂತ್ಯವು 1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರೆಯಾಗಿ ಸ್ಥಾಪಿತವಾಯಿತು. ಉತ್ತರ ಕನ್ನಡ ಜಿಲ್ಲೆಯ ಧರ್ಮಕೇಂದ್ರಗಳು ಇದಕ್ಕೆ ಸೇರಿವೆ. ನಿಮ್ಮ ಮನೆ ಯಾವ ಧರ್ಮಕೇಂದ್ರದ ಗಡಿಯೊಳಗೆ ಬರುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಹತ್ತಿರದ ಚರ್ಚೇ ನಿಮ್ಮ ಚರ್ಚಾಗಿರಬೇಕೆಂದಿಲ್ಲ.

ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1983ರ ಧರ್ಮಸಭಾ ಕಾನೂನು ಸಂಹಿತೆಯ 102ನೆಯ ನಿಯಮದಂತೆ, ಕಾಯಂ ಆಗಿ ಉಳಿಯುವ ಉದ್ದೇಶದಿಂದ ಒಂದು ಊರಿನಲ್ಲಿ ವಾಸ ಆರಂಭಿಸಿದ ದಿನದಿಂದಲೇ ನೀವು ಅಲ್ಲಿಯವರಾಗುತ್ತೀರಿ. ಆ ಉದ್ದೇಶವಿಲ್ಲದಿದ್ದರೆ ಪೂರ್ಣ ಐದು ವರ್ಷಗಳ ವಾಸದ ನಂತರ. ಮೂರು ತಿಂಗಳು ಇದ್ದರೆ, ಅಥವಾ ಅಷ್ಟು ಕಾಲ ಇರುವ ಉದ್ದೇಶದಿಂದ ಬಂದಿದ್ದರೆ, ಅರೆವಾಸಿಗಳೆಂಬ ಸ್ಥಾನ ದೊರೆಯುತ್ತದೆ. ಎರಡರಲ್ಲಿ ಯಾವುದಿದ್ದರೂ ಆ ಧರ್ಮಕೇಂದ್ರದ ಗುರುಗಳು ನಿಮ್ಮ ಗುರುಗಳೇ. ಆದ್ದರಿಂದ ‘ಸ್ವಂತ ಮನೆಯಾಗಲಿ, ಆಮೇಲೆ ಹೆಸರು ಬರೆಸೋಣ’ ಎಂದು ಬಾಡಿಗೆದಾರರು ಕಾಯಬೇಕಾದ ಕಾರಣವೇ ಇಲ್ಲ.

ಪೂಜೆ ಮುಗಿದ ಕೂಡಲೇ ಗುರುಗಳ ಸುತ್ತ ಜನ ಸೇರಿರುತ್ತಾರೆ. ಆ ಹೊತ್ತಿನಲ್ಲಿ ಕಾಗದ ಮುಂದೆ ಹಿಡಿಯಬೇಡಿ. ಒಂದು ನಮಸ್ಕಾರ ಹೇಳಿ, ಕಚೇರಿಯ ಸಮಯ ಕೇಳಿಕೊಂಡು, ವಾರದ ಮಧ್ಯದಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಕುಟುಂಬದ ನಮೂನೆ ತುಂಬಿ. ನಂತರ ನಿಮ್ಮ ವಾಡೆಯ ಗುರ್ಕಾರರು ಯಾರೆಂದು ಕೇಳಿ. ಗುರ್ಕಾರರೆಂದರೆ ಚರ್ಚಿನ ವ್ಯಾಪ್ತಿಯ ಒಂದೊಂದು ಕೇರಿಯ ಮನೆಗಳ ಯೋಗಕ್ಷೇಮ ನೋಡಿಕೊಳ್ಳುವ ಹಿರಿಯರು. ನಮ್ಮ ಗುರ್ಕಾರರು ಬಂದ ದಿನ ಜೇಬಿನಿಂದ ಉದ್ದನೆಯ ನೋಟುಬುಕ್ಕೊಂದನ್ನು ತೆಗೆದು, ನಮ್ಮಿಬ್ಬರ ಹೆಸರು, ವಯಸ್ಸು, ಮಕ್ಕಳ ಫೋನ್ ಸಂಖ್ಯೆ, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೂ ಬರೆದುಕೊಂಡು, ಕೊನೆಗೆ ‘ರಾತ್ರಿ ಎಷ್ಟೊತ್ತಿಗಾದರೂ ಫೋನ್ ಮಾಡಿ, ಸಂಕೋಚ ಬೇಡ’ ಎಂದು ಹೇಳಿ ಹೋದರು. ಈ ನೋಟುಬುಕ್ಕಿನಲ್ಲಿ ಹೆಸರಿರುವುದು ಎಷ್ಟು ಮುಖ್ಯವೆಂಬುದು ಮನೆಯಿಂದ ಹೊರಗೆ ಹೋಗಲಾರದ ಸ್ಥಿತಿ ಬಂದಾಗ ತಿಳಿಯುತ್ತದೆ. ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ತರುವವರಿಗೆ ದಾರಿ ತೋರಿಸುವುದು ಆ ನೋಟುಬುಕ್ಕೇ.

ಭಾಷೆಯ ವಿಷಯ. ಕಾರವಾರದ ಕಡೆಯ ಚರ್ಚುಗಳಲ್ಲಿ ಕೊಂಕಣಿ ಹೆಚ್ಚು. ಬೆಂಗಳೂರಿನ ಕನ್ನಡ ಪೂಜೆಗೆ ಒಗ್ಗಿಕೊಂಡವರಿಗೆ ಮೊದಲ ತಿಂಗಳು ಪರಕೀಯ ಅನ್ನಿಸುತ್ತದೆ. ಮಂಗಳೂರಿನ ಕೊಂಕಣಿ ಬಲ್ಲವರಿಗೂ ಇಲ್ಲಿನ ರಾಗ, ಕೆಲವು ಮಾತು ಬೇರೆ ಎಂದು ಕೇಳಿಸುತ್ತದೆ. ಕನ್ನಡ ಪೂಜೆ ಯಾವ ಚರ್ಚಿನಲ್ಲಿ, ಯಾವ ವಾರ ಎಂಬುದನ್ನು ವಿಚಾರಿಸಿ, ಆದರೆ ಅದಕ್ಕಾಗಿ ನಿಮ್ಮ ಧರ್ಮಕೇಂದ್ರವನ್ನು ಬಿಟ್ಟು ಪ್ರತಿ ವಾರ ಬೇರೆಡೆ ಹೋಗಬೇಡಿ. ಕೊಂಕಣಿಯನ್ನು ರೋಮನ್, ಕನ್ನಡ, ದೇವನಾಗರಿ ಮೂರು ಲಿಪಿಗಳಲ್ಲಿ ಬರೆಯುವುದರಿಂದ, ನೀವು ಓದಬಲ್ಲ ಲಿಪಿಯ ಪ್ರಾರ್ಥನಾ ಪುಸ್ತಕವನ್ನು ಕೇಳಿ ಪಡೆಯಿರಿ. ತಪ್ಪು ತಪ್ಪಾಗಿಯಾದರೂ ಬಾಯಿಬಿಟ್ಟು ಪ್ರಾರ್ಥಿಸುವವರನ್ನು ಇಲ್ಲಿನ ಜನ ಬೇಗ ತಮ್ಮವರೆಂದು ಒಪ್ಪಿಕೊಳ್ಳುತ್ತಾರೆ.

ಮತ್ತೊಂದು ಎಚ್ಚರಿಕೆಯನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಬಂದ ಹೊಸದರಲ್ಲೇ ದೊಡ್ಡ ಮೊತ್ತದ ದೇಣಿಗೆ ಕೊಡುವುದು, ಪಾಲನಾ ಮಂಡಳಿಯಲ್ಲಿ ಸ್ಥಾನ ಬಯಸುವುದು, ‘ನಮ್ಮ ಬೆಂಗಳೂರಿನ ಚರ್ಚಿನಲ್ಲಿ ಹೀಗಲ್ಲ’ ಎಂದು ತಿದ್ದಲು ಹೋಗುವುದು, ಈ ಮೂರರಿಂದಲೂ ಮೊದಲ ವರ್ಷ ದೂರವಿರಿ. ಅದರ ಬದಲು ಆಲ್ಟರಿನ ಹೂವು, ಗಾಯನವೃಂದ, ಮಕ್ಕಳ ಧರ್ಮೋಪದೇಶ ತರಗತಿ, ರೋಗಿಗಳ ಭೇಟಿ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ತಪ್ಪದೆ ಮಾಡಿ.

4. ಪಿಂಚಣಿ, ಬ್ಯಾಂಕು, ವಿಳಾಸ

ಆಧಾರ್ ವಿಳಾಸ ಬದಲಾವಣೆಯೇ ಮೊದಲು, ಏಕೆಂದರೆ ಉಳಿದವೆಲ್ಲ ಅದರ ಬೆನ್ನಿಗೆ ಬರುತ್ತವೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಒಬ್ಬರ ಹೆಸರು ಮಾತ್ರ ಇದ್ದರೆ ಇನ್ನೊಬ್ಬರು ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ ವಿಳಾಸ ಬದಲಿಸಿಕೊಳ್ಳುವ ಸೌಲಭ್ಯವನ್ನು ಬಳಸಬೇಕಾಗುತ್ತದೆ. ಹೆಂಡತಿಯ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಬಂದ ಕೂಡಲೇ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಅವರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಾವಣೆಗೆ ನಮೂನೆ 8 ಬಳಸಿ. ಹೊಸದಾಗಿ ಹೆಸರು ಸೇರಿಸುವ ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಉಳಿದು ತೊಡಕಾಗುತ್ತದೆ.

ಪಿಂಚಣಿಯ ಖಾತೆಯನ್ನು ಅದೇ ಬ್ಯಾಂಕಿನ ಸ್ಥಳೀಯ ಶಾಖೆಗೆ ವರ್ಗಾಯಿಸಲು ಪಿಂಚಣಿ ಪಾವತಿ ಆದೇಶದ ಪ್ರತಿಯೊಂದಿಗೆ ಅರ್ಜಿ ಕೊಡಿ. ಜೀವನ ಪ್ರಮಾಣಪತ್ರ, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ಪ್ರತಿ ವರ್ಷ ಸಲ್ಲಿಸಬೇಕಾದ ದೃಢೀಕರಣ, ಸರ್ಕಾರಿ ಪಿಂಚಣಿದಾರರಿಗೆ ಸಾಮಾನ್ಯವಾಗಿ ನವೆಂಬರ್ ತಿಂಗಳ ಕೆಲಸ. ಭವಿಷ್ಯನಿಧಿ ಸಂಸ್ಥೆಯ ಪಿಂಚಣಿ ಪಡೆಯುವವರು ವರ್ಷದ ಯಾವಾಗಲಾದರೂ ಸಲ್ಲಿಸಬಹುದು. ಅದು ಅಲ್ಲಿಂದ ಒಂದು ವರ್ಷ ಊರ್ಜಿತ. ಬೆರಳಚ್ಚು ಸವೆದವರು ಮೊಬೈಲ್‌ನಲ್ಲಿ ಮುಖ ಗುರುತಿಸುವ ವಿಧಾನದಿಂದ ಮಾಡಬಹುದು, ಅಥವಾ ಅಂಚೆ ಸಿಬ್ಬಂದಿಯನ್ನು ಮನೆಗೇ ಕರೆಸಿಕೊಳ್ಳಬಹುದು.

ಗಂಡಂದಿರಿಗೆ ಒಂದು ಮಾತು. ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆಯಾಗಿ ಮಾಡಿಸಿ, ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ಬ್ಯಾಂಕಿನ ಕೆಲಸಕ್ಕೆ ಹೆಂಡತಿ ಒಬ್ಬರೇ ಹೋಗಿ ಬರಲಿ. ಮುಂದೆ ಒಂಟಿಯಾಗಿ ನಿಭಾಯಿಸಬೇಕಾದವರು ಅವರಾಗಿದ್ದರೆ, ಕೌಂಟರಿನಲ್ಲಿ ಕುಳಿತವರಿಗೆ ಅವರ ಮುಖಪರಿಚಯ ಇರಬೇಕು.

5. ಆಸ್ಪತ್ರೆಯ ದಾರಿಯನ್ನು ಆರೋಗ್ಯವಾಗಿರುವಾಗಲೇ ನೋಡಿ

ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಜನ ಕ್ರಿಮ್ಸ್ ಎನ್ನುತ್ತಾರೆ. ಹೃದಯ, ಮಿದುಳು ಮುಂತಾದ ದೊಡ್ಡ ಚಿಕಿತ್ಸೆಗಳಿಗೆ ಉತ್ತರಕ್ಕೆ ಗೋವಾದ ಬಾಂಬೋಳಿ, ದಕ್ಷಿಣಕ್ಕೆ ಮಣಿಪಾಲ, ಘಟ್ಟದ ಮೇಲೆ ಹುಬ್ಬಳ್ಳಿ, ಹೀಗೆ ಮೂರು ದಿಕ್ಕುಗಳಲ್ಲಿ ಒಂದಕ್ಕೆ ಹೋಗುವುದು ಇಲ್ಲಿನ ವಾಡಿಕೆ. ಗೋವಾದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರ ರಾಜ್ಯದವರಿಗೆ ಶುಲ್ಕವಿದೆ. ನಿಮ್ಮ ವಿಮೆಯಲ್ಲಿ ನಗದುರಹಿತ ಚಿಕಿತ್ಸೆ ಈ ಮೂರು ಕಡೆಗಳ ಯಾವ ಆಸ್ಪತ್ರೆಗಳಲ್ಲಿದೆ ಎಂಬುದನ್ನು ಕಂಪನಿಯಿಂದ ಬರೆಸಿಕೊಂಡು, ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಒಂದೇ ದಾರಿಯನ್ನು ನೆಚ್ಚಬೇಡಿ. ಶಿರೂರಿನ ಕುಸಿತವಾದಾಗ ದಕ್ಷಿಣದ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅದೇ ಮಳೆಗಾಲದ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸದಾಶಿವಗಡದ ಕಡೆ ಮನೆ ಹಿಡಿಯುವವರಿಗೂ ಪೇಟೆಯ ಆಸ್ಪತ್ರೆಗೂ ನಡುವೆ ಈ ನದಿಯಿದೆ. ಶಿರವಾಡದಲ್ಲಿರುವ ರೈಲು ನಿಲ್ದಾಣ ಪೇಟೆಯಿಂದ ದೂರ. ರಾತ್ರಿಯ ರೈಲಿಗೆ ಪರಿಚಯದ ರಿಕ್ಷಾದವರನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ನಿತ್ಯದ ಔಷಧಿ ಮೇ ಕೊನೆಯಲ್ಲಿ ಎರಡು ತಿಂಗಳಿಗಾಗುವಷ್ಟು ಇರಲಿ. ಮಳೆಗಾಲದಲ್ಲಿ ಕೆಸರು ನೀರಿನಲ್ಲಿ ಬರಿಗಾಲಲ್ಲಿ ತೋಟದ ಕೆಲಸ ಮಾಡಿದರೆ ಇಲಿಜ್ವರದ ಭಯವಿದೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ನೆಲೆಸುವವರು ಬೇಸಿಗೆಯಲ್ಲಿ ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಬೇಕು.

ಆಂಬ್ಯುಲೆನ್ಸಿಗೆ 108, ಹಿರಿಯ ನಾಗರಿಕರ ಸಹಾಯವಾಣಿ 14567.

6. ಚರ್ಚಿನಾಚೆಯ ಊರು

ಚರ್ಚಿನ ಒಳಗೆ ಮಾತ್ರ ಬದುಕು ಕಟ್ಟಿಕೊಂಡ ದಂಪತಿಗಳು ಇಬ್ಬರಲ್ಲೊಬ್ಬರು ತೀರಿಕೊಂಡ ಮೇಲೆ ಬಹಳ ಒಂಟಿಯಾಗುವುದನ್ನು ನೋಡಿದ್ದೇನೆ. ರಾತ್ರಿ ಎರಡು ಗಂಟೆಗೆ ಗೋಡೆಯಾಚೆಯಿಂದ ಓಡಿಬರುವವರು ಪಕ್ಕದ ಮನೆಯವರು, ಅವರು ಯಾವ ಜಾತಿ ಧರ್ಮದವರೇ ಆಗಿರಲಿ. ಆದುದರಿಂದ ಬಂದ ವಾರವೇ ಅಕ್ಕಪಕ್ಕದ ನಾಲ್ಕು ಮನೆಗೆ ಇಬ್ಬರೂ ಹೋಗಿ ಪರಿಚಯ ಹೇಳಿ. ಚೌತಿಗೆ ಅವರ ಮನೆಗೆ ಹೋಗಿ, ಕ್ರಿಸ್ಮಸ್‌ಗೆ ಕುಸ್ವಾರ ಕಳಿಸಿ. ಕುಸ್ವಾರವೆಂದರೆ ನೆವ್ರಿ, ಕುಲ್ಕುಲಾ ಮುಂತಾದ ಹಬ್ಬದ ತಿಂಡಿಗಳ ತಟ್ಟೆ. ಭಾನುವಾರ ಕಾರವಾರದ ಸಂತೆ. ಪೂಜೆಯಿಂದ ನೇರ ಸಂತೆಗೆ ಹೋಗುವುದು ಇಲ್ಲಿಯವರ ರೂಢಿ. ಅಲ್ಲಿ ಒಬ್ಬರೇ ತರಕಾರಿಯವರಿಂದ, ಒಬ್ಬರೇ ಮೀನಿನವರಿಂದ ಕೊಳ್ಳುತ್ತ ಬಂದರೆ ಆರು ತಿಂಗಳಲ್ಲಿ ಊರೇ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮೇ ತಿಂಗಳಲ್ಲೇ ಒಣಮೀನು ಕೊಂಡಿಡಬೇಕೆಂದು ನಮಗೆ ತಿಳಿಸಿದವರು ನಮಗೆ ಮೀನು ಮಾರುವ ಹೆಂಗಸೇ.

7. ಕೊಳ್ಳುವುದಿದ್ದರೆ ಈಗ

ಸೆಪ್ಟೆಂಬರ್ 8ರ ತೆನೆ ಹಬ್ಬ ಕಳೆದ ಮೇಲೆ ಜಾಗ ನೋಡಲು ಹೊರಡಿ. ಅಷ್ಟರಲ್ಲಿ ಎಲ್ಲಿ ನೀರು ನಿಲ್ಲುತ್ತದೆಂಬುದು ಕಣ್ಣಾರೆ ಗೊತ್ತಾಗಿರುತ್ತದೆ. ಈ ಜಿಲ್ಲೆಯಲ್ಲಿ ಹೊರಗಿನವರು ಮೋಸ ಹೋಗುವ ಬಗೆಗಳು ಬೇರೆ ಜಿಲ್ಲೆಗಳಂತಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಿಲ್ಲೆಯ ಬಹುಭಾಗ ಅರಣ್ಯ. ಅರಣ್ಯ ಭೂಮಿಯಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡವರಿದ್ದಾರೆ. ಅವರ ಹಕ್ಕಿನ ಪ್ರಶ್ನೆ ಬೇರೆ. ಆದರೆ ಅಂಥ ಜಾಗವನ್ನು ಬಾಂಡ್ ಕಾಗದದ ಮೇಲೆ ಬರೆದುಕೊಟ್ಟರೆ ಕೊಂಡವರಿಗೆ ಒಡೆತನ ಬರುವುದಿಲ್ಲ. ಶಿರಸಿಯ ಕಡೆ ‘ತೋಟಕ್ಕೆ ಬೆಟ್ಟವೂ ಸೇರಿದೆ’ ಎಂದು ತೋರಿಸುತ್ತಾರೆ. ಸೊಪ್ಪಿನ ಬೆಟ್ಟವೆಂದರೆ ಅಡಿಕೆ ತೋಟದವರಿಗೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತಿರುವ ಸರ್ಕಾರಿ ಭೂಮಿ. ಅದರಲ್ಲಿ ಮನೆ ಕಟ್ಟುವಂತಿಲ್ಲ. ನೌಕಾನೆಲೆ ಮುಂತಾದ ಯೋಜನೆಗಳ ನಿರಾಶ್ರಿತರಿಗೆ ಕೊಟ್ಟ ಪುನರ್ವಸತಿ ನಿವೇಶನವಾಗಿದ್ದರೆ, ಪರಭಾರೆ ಮಾಡಬಾರದೆಂಬ ಷರತ್ತು, ಅಂದರೆ ಇತರರಿಗೆ ಮಾರಬಾರದೆಂಬ ನಿರ್ಬಂಧ, ಇದೆಯೇ ಎಂದು ಮಂಜೂರಾತಿ ಆದೇಶವನ್ನೇ ಓದಿ ನೋಡಿ.

ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಉಬ್ಬರದ ನೀರು ಏರುವ ನದಿ, ಹಳ್ಳಗಳ ದಂಡೆಗೂ ಇವು ಬೇರೆ ಅಳತೆಯಲ್ಲಿ ಅನ್ವಯಿಸುವುದರಿಂದ, ಸಮುದ್ರ ಕಾಣದ ಜಾಗವೂ ವಲಯದೊಳಗೆ ಬರಬಹುದು. ‘ಪಕ್ಕದವರು ಕಟ್ಟಿದ್ದಾರಲ್ಲ’ ಎಂಬುದು ಅನುಮತಿಯಲ್ಲ.

ನೋಡಲೇಬೇಕಾದ ಕಾಗದಗಳು: ಪಹಣಿ, ಕೃಷಿ ಭೂಮಿಯಾಗಿದ್ದರೆ ಭೂಪರಿವರ್ತನೆ ಆದೇಶ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಅಥವಾ ನಗರಸಭೆಯ ಇ-ಖಾತೆ, ಮತ್ತು ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ವಿವರ. ಮಾರುವವರು ನಮ್ಮದೇ ಚರ್ಚಿನವರು, ಒಳ್ಳೆಯವರು ಎಂಬ ಕಾರಣಕ್ಕೆ ಇವುಗಳಲ್ಲಿ ಒಂದನ್ನೂ ಬಿಡಬೇಡಿ. ಮನೆಯನ್ನು ಇಬ್ಬರ ಹೆಸರಿನಲ್ಲೂ ನೋಂದಾಯಿಸಿ. ಕಾರಣ ಮುಂದಿನ ಹಂತದಲ್ಲಿದೆ.

8. ಉಯಿಲು ಮತ್ತು ಅಂತ್ಯಕ್ರಿಯೆಯ ಏರ್ಪಾಡು

ಕ್ರೈಸ್ತರ ಆಸ್ತಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ, ಮಕ್ಕಳಿರುವಾಗ ಅವನ ಆಸ್ತಿಯ ಮೂರರಲ್ಲಿ ಒಂದು ಪಾಲು ಮಾತ್ರ ಹೆಂಡತಿಗೆ. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಹೆಂಡತಿ ತೀರಿಕೊಂಡರೆ ಗಂಡನಿಗೂ ಇದೇ ಲೆಕ್ಕ. ಅಂದರೆ ಮನೆ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ, ಆ ಮನೆಯಲ್ಲೇ ಬಾಳಿದ ವಿಧವೆ ಮಕ್ಕಳೆಲ್ಲರ ಸಹಿಯಿಲ್ಲದೆ ಅದನ್ನು ಮಾರಲಾರಳು. ಇಬ್ಬರೂ ಪ್ರತ್ಯೇಕ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕು, ಮತ್ತು ಉಯಿಲಿನಿಂದ ಏನನ್ನಾದರೂ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ಮಗನ ಪಾಲು ಬರೆದು ಸೊಸೆಯಿಂದ ಸಾಕ್ಷಿ ಹಾಕಿಸುವ ತಪ್ಪು ಆಗುವುದು ಹೀಗೆಯೇ. ಚರ್ಚಿಗೆ ಅಥವಾ ಧರ್ಮಕಾರ್ಯಕ್ಕೆ ಬರೆಯುವುದಕ್ಕೆ ಕ್ರೈಸ್ತರಿಗಿದ್ದ 118ನೆಯ ಕಲಮಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ರದ್ದುಗೊಳಿಸಿದೆ. ಗೋವಾದಲ್ಲಿ ಆಸ್ತಿಯಿದ್ದರೆ ಅಲ್ಲಿಯ ನಾಗರಿಕ ಸಂಹಿತೆ ಬೇರೆ. ಅಲ್ಲಿಯ ವಕೀಲರನ್ನೇ ಕಾಣಿ.

ಬದುಕಿರುವಾಗಲೇ ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಆತುರ ಬೇಡ. ಮಾಡಲೇಬೇಕಾದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಷರತ್ತು ಮುರಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಆ ದಾನವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ಮುಂದೆ ಕೇಳಬಹುದು.

ಸಮಾಧಿಯ ವಿಷಯವನ್ನು ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಿ. ಧರ್ಮಕೇಂದ್ರಕ್ಕೆ ಸ್ವಂತ ಸಿಮಿತ್ರಿಯಿದ್ದರೆ, ಅಂದರೆ ಸಮಾಧಿಭೂಮಿಯಿದ್ದರೆ, ಅದರ ಸದಸ್ಯರನ್ನು ಅಲ್ಲಿಯೇ ಹೂಳಬೇಕೆಂಬುದು ಚರ್ಚಿನ ಕಾನೂನು. ಹುಟ್ಟೂರಿನಲ್ಲಿ ತಂದೆತಾಯಿಯ ಪಕ್ಕದಲ್ಲಿ ಮಲಗಬೇಕೆಂಬ ಆಸೆಯಿದ್ದರೆ ಬೇರೆ ಸಿಮಿತ್ರಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅದೇ ಕಾನೂನಿನಲ್ಲಿದೆ. ಸಮಾಧಿಯ ಶುಲ್ಕ, ಜಾಗವನ್ನು ಎಷ್ಟು ವರ್ಷಗಳ ನಂತರ ಮರುಬಳಕೆ ಮಾಡುತ್ತಾರೆ ಎಂಬುದನ್ನು ಚರ್ಚಿನ ಕಚೇರಿಯಲ್ಲಿ ಈಗಲೇ ಕೇಳಿ. ಮಕ್ಕಳು ವಿದೇಶದಿಂದ ಬರುವವರೆಗೆ ದೇಹವನ್ನು ಎಲ್ಲಿ ಇರಿಸಬೇಕು, ಎಷ್ಟು ದಿನ ಕಾಯಬೇಕು, ಕಾಯಲೇಬೇಕೇ ಎಂಬುದನ್ನೂ ತೀರ್ಮಾನಿಸಿ, ಎರಡು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಒಂದು ಹಾಳೆ ಕಾಗದಪತ್ರಗಳ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ, ಇನ್ನೊಂದು ಗುರ್ಕಾರರ ಕೈಯಲ್ಲಿರಲಿ. ಡಬ್ಬಿ ಎಲ್ಲಿದೆ ಎಂಬುದು ಪಕ್ಕದ ಮನೆಯವರಿಗೂ ಗೊತ್ತಿರಲಿ.